ಡ್ರಮ್ಮಕ್ಕ ಕಾದ ಲಾರಿ

ಪ್ಲೇಟಿಂಗ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಡ್ರಮ್ಮಕ್ಕ ಎನ್ನುತ್ತಿದ್ದರು. ನಲ್ಲಿ, ಬಾಗಿಲ ಹಿಡಿಕೆ, ಸೈಕಲ್ ಬೆಲ್ಲುಗಳಿಗೆ ನಿಕ್ಕಲ್ ಹೊಳಪು ಕೊಟ್ಟ ನೀರನ್ನು ಶುದ್ಧ ಮಾಡಿದಾಗ ತಳದಲ್ಲಿ ಉಳಿಯುವ ಹಸಿರು ಕೆಸರು ಅವಳ ಪಾಲು. ಮೈಗೆ ತಾಗಿದರೆ ತುರಿಕೆ, ಮಣ್ಣಿಗಿಳಿದರೆ ಬಾವಿಯ ನೀರೇ ವಿಷ. ಅದನ್ನು ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ತುಂಬಲು ಶುರುಮಾಡಿದ ತಾರೀಕು ಬರೆದು, ಮಳೆ ತಾಗದ ಶೆಡ್ಡಿನ ಕಟ್ಟೆಯ ಮೇಲೆ ನಿಲ್ಲಿಸಬೇಕು. ಮೂರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ ಎಂಬುದು ಸರ್ಕಾರದ ನಿಯಮ.

ಆ ನಿಯಮದ ಮೇಲೆ ಅವಳಿಗೆ ಯಾರಿಗೂ ಹೇಳದ ಪ್ರೀತಿಯಿತ್ತು. ಗಡುವು ಮುಗಿಯುವಷ್ಟರಲ್ಲಿ ಲಾರಿ ಬರುತ್ತಿತ್ತು. ಕೆಸರನ್ನು ದೂರದ ಊರಿನ ಕುಲುಮೆಗೆ ಒಯ್ದು ಮತ್ತೆ ನಿಕ್ಕಲ್ ತೆಗೆಯುತ್ತಿದ್ದರು. ಲಾರಿಯ ಡ್ರೈವರು ಹೆಂಡತಿಯನ್ನು ಕಳೆದುಕೊಂಡವನು, ಮಾತು ಕಡಿಮೆ. ಅವಳನ್ನು ಅಕ್ಕ ಎನ್ನದವನು ಅವನೊಬ್ಬನೇ.

“ಕೈ ಗಾಯ ಹೇಗಿದೆ ಈಗ?” ಎಂದು ಕೇಳುತ್ತಿದ್ದ, ಹಿಂದಿನ ಸಲ ಮುಚ್ಚಳ ಗೀರಿದ್ದನ್ನು ಮರೆಯದೆ.

“ಅದು ಯಾವಾಗ್ಲೋ ವಾಸಿಯಾಯ್ತು. ನೀವಿನ್ನೂ ನೆನಪಿಟ್ಕೊಂಡಿದೀರಾ?”

“ದಾರಿ ಉದ್ದ ಅಲ್ವಾ. ಏನಾದ್ರೂ ನೆನೀತಾ ಇರಬೇಕು.”

ಡ್ರಮ್ಮುಗಳನ್ನು ಏರಿಸುವಷ್ಟು ಹೊತ್ತು, ಒಂದು ಲೋಟ ಚಹಾ, ಅಷ್ಟೇ. ಲಾರಿ ತಿರುವು ದಾಟಿದ ಮೇಲೂ ಅವಳು ಖಾಲಿ ಕಟ್ಟೆಯನ್ನು ಸುಮ್ಮನೆ ಗುಡಿಸುತ್ತಿದ್ದಳು. ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪ, ತುತ್ತು ನುಂಗುತ್ತ, “ಇವತ್ತು ಲಾರಿ ಬಂದಿತ್ತಾ?” ಎಂದರೆ, “ಹೂಂ” ಎಂದು ಮುಖ ತಿರುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಯಜಮಾನರು ನಗುನಗುತ್ತ ಶೆಡ್ಡಿಗೆ ಬಂದರು. “ನಿನ್ನ ತಲೆನೋವು ಅರ್ಧ ಕಮ್ಮಿಯಾಯ್ತು ಕಣಮ್ಮ! ನಿಯಮ ಬದಲಾಗಿದೆ. ಲೋಹ ತೆಗೆಯೋಕೆ ಕಳಿಸೋ ಕೆಸರನ್ನ ಇನ್ಮೇಲೆ ಆರು ತಿಂಗಳು ಇಟ್ಕೋಬಹುದಂತೆ.”

ಅವಳೂ ನಕ್ಕಳು. ನಕ್ಕ ಮೇಲೆ ಕೈಗವಸು ಹುಡುಕತೊಡಗಿದಳು. ಅದು ಕೈಯಲ್ಲೇ ಇತ್ತು.

ಮೂರು ತಿಂಗಳು ತುಂಬಿದ ವಾರ ಕಿವಿ ತಾನಾಗಿಯೇ ರಸ್ತೆಗೆ ಹೋಯಿತು. ದೊಡ್ಡ ಗಾಡಿಯ ಸದ್ದಾದರೆ ಸಾಕು, ಗೇಟಿನ ಬಳಿ ಬಂದು ನಿಲ್ಲುವಳು.

“ಏನಕ್ಕಾ, ಯಾವುದಕ್ಕೆ ಕಾಯ್ತಿದೀಯ?” ಎಂದ ವಾಚ್‌ಮನ್.

“ನಿನಗೆ ಬುದ್ಧಿ ಬರೋದಕ್ಕೆ.”

ಅಂತೂ ಆರನೆಯ ತಿಂಗಳ ಕೊನೆಗೆ ಲಾರಿ ಬಂತು. ಅವನ ಮೀಸೆ ಇನ್ನಷ್ಟು ಬೆಳ್ಳಗಾಗಿತ್ತು. ಡ್ರಮ್ಮುಗಳು ಏರಿದವು. ಚಹಾ ಮುಗಿಯಿತು. ಅವನು ಲಾರಿ ಹತ್ತುವಾಗ ಅವಳ ಬಾಯಿಂದ ಮಾತು ಜಾರಿಬಿಟ್ಟಿತು.

“ಆರಾರು ತಿಂಗಳು ನನ್ನ ಕೈಲಾಗಲ್ಲ.”

ಅವನು ಮೇಲಿಟ್ಟ ಕಾಲನ್ನು ಕೆಳಗಿಳಿಸಿದ.

“ನಿಯಮ ಕೆಸರಿಗೆ ತಾನೇ? ನನಗಲ್ಲವಲ್ಲ. ಬರ್ಲಾ?”

“ಅಪ್ಪನ್ನ ನೋಡೋಕೆ ಅಂತ ಬನ್ನಿ.”

ಭಾನುವಾರ ಬಂದ, ಬಸ್ಸಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಸ್ಟಿಯರಿಂಗ್ ಇಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಂಚದ ಪಕ್ಕ ಕೂತ. ಅಪ್ಪ ಅವನನ್ನೇ ದಿಟ್ಟಿಸಿ, ತೊದಲುತ್ತ ಮಗಳನ್ನು ಕೇಳಿದ: “ಇವರೇನಾ ಲಾರಿ?” ಅವಳು ಅಡುಗೆಮನೆಗೆ ಓಡಿದಳು.

ಅಪ್ಪನನ್ನು ಬಿಟ್ಟು ಅವಳು ಹೋಗಲಾರಳು. ಲಾರಿಯವನ ಹೊಟ್ಟೆಪಾಡು ರಸ್ತೆಯ ಮೇಲೆ. ಹಾಗಾಗಿ ರಜೆ ಸಿಕ್ಕಾಗ ಬರುತ್ತಾನೆ, ಸಿಗದಿದ್ದರೆ ಇಲ್ಲ. ಬಾರದ ಭಾನುವಾರಗಳಲ್ಲೂ ಅವಳು ತಲೆ ಬಾಚಿಕೊಂಡು ಬಸ್ ನಿಲ್ದಾಣದವರೆಗೆ ನಡೆಯುತ್ತಾಳೆ. ಕೊನೆಯ ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ, ಬಂದದ್ದಕ್ಕೊಂದು ನೆಪವಿರಲೆಂದು ತರಕಾರಿ ಕೊಳ್ಳುತ್ತಾಳೆ. ಇಬ್ಬರೇ ಇರುವ ಮನೆಯಲ್ಲಿ ಬುಟ್ಟಿ ತುಂಬ ತರಕಾರಿ.