ಕೆಮ್ಮಿನ ಗೀಟು, ಎದೆಯ ಫಿಲ್ಮು

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಸಿದ್ಧವಾದ ಪ್ಯಾಂಟುಗಳನ್ನು ಎಣಿಸುವುದು ನನ್ನ ಕೆಲಸ. ನಾಲ್ಕು ಗೀಟು, ಐದನೆಯದು ಅಡ್ಡ. ವಾರದ ಕೊನೆಗೆ ಮೊತ್ತ ಬರೆದರೆ ಮುಗಿಯಿತು. ಯಾವ ಪ್ಯಾಂಟು ಯಾವ ದಿನ ಬಂತು ಎಂದು ಯಾರೂ ಕೇಳುವುದಿಲ್ಲ. ನನ್ನ ಕೆಮ್ಮನ್ನೂ ನಾನು ಹಾಗೇ ಎಣಿಸಿದೆ.

ಚಿಕ್ಕಂದಿನಿಂದ ಉಬ್ಬಸ ಇತ್ತು. ಕಳೆದ ವರ್ಷ ಕಂದು ಬಣ್ಣದ ಗಟ್ಟಿ ಕಫ ಬೀಳತೊಡಗಿದಾಗ ವೈದ್ಯರು ಎದೆಯ ಸ್ಕ್ಯಾನ್ ಮಾಡಿಸಿದರು. ಗಾಳಿಯಲ್ಲಿರುವ ಬೂಷ್ಟಿನ ಕಣಗಳಿಗೆ ನನ್ನ ಶ್ವಾಸಕೋಶ ಅಲರ್ಜಿಯಿಂದ ಕೆರಳಿದೆ, ಗಾಳಿಯ ಕೊಳವೆಗಳು ಹಿಗ್ಗಿ ಒಳಗೆ ಕಫ ಬೆಣೆಯಂತೆ ಕೂತಿದೆ ಎಂದರು. ಹಿಗ್ಗಿದ್ದು ಮೊದಲಿನಂತಾಗುವುದಿಲ್ಲ, ಬೆಣೆ ಕರಗಬಹುದು, ಇನ್ನಷ್ಟು ಹಿಗ್ಗದಂತೆ ತಡೆಯಬಹುದು. ಅದಕ್ಕೆ ಸ್ಟೆರಾಯ್ಡ್ ಮಾತ್ರೆ. ಅಂದೇ ನೋಟ್‌ಬುಕ್ಕು ಶುರು ಮಾಡಿದೆ: ತಾರೀಖು, ಮಾತ್ರೆ, ಇನ್ಹೇಲರ್, ಕೆಮ್ಮು, ಅದು ಬಂದ ಹೊತ್ತು, ಮಲಗಿದ ಊರು.

ಮಾತ್ರೆಯಿಂದ ಮುಖ ಊದಿಕೊಂಡಿತು. "ಲೇ, ಎಣ್ಣ್ಯಾಗ ಬಿಟ್ಟ ಪೂರಿ ಆಗೀಯಲ್ಲಲೇ!" ಎಂದು ಘಟಕದ ಟೈಲರ್ ದಿನಾ ಕಾಡುತ್ತಿದ್ದ. ನಾನೂ ನಗುತ್ತಿದ್ದೆ, ಆದರೆ ಮಾತ್ರೆ ನಿಲ್ಲುವ ದಿನಕ್ಕಾಗಿ ಕಾಯುತ್ತಿದ್ದೆ. ಎದೆಯ ಚಿತ್ರದ ಫಿಲ್ಮು ಸರಿಯಾಗದೆ ಅದು ನಿಲ್ಲುವಂತಿರಲಿಲ್ಲ.

ಎರಡು ತಿಂಗಳಿಗೆ ತೆಗೆದ ಎಕ್ಸ್‌ರೇ ಚೆನ್ನಾಗಿತ್ತು, ಮಾತ್ರೆ ಇಳಿಸಿದರು. ಐದನೆಯ ತಿಂಗಳಿಗೆ ವಾರದ ಕೆಮ್ಮು ಅರವತ್ತೆಂಟರಿಂದ ಒಂಬತ್ತಕ್ಕೆ ಬಂದಿತ್ತು. ಈ ಸಲ ನಿಲ್ಲಿಸುತ್ತಾರೆಂಬ ಖಾತ್ರಿಯಿಂದ ಹೋದೆ.

ಹೊಸ ಎಕ್ಸ್‌ರೇಯಲ್ಲಿ ಬಲ ಎದೆಯ ಮೇಲ್ಭಾಗಕ್ಕೆ ಬಿಳಿ ಕಲೆ. ಖಚಿತಪಡಿಸಿಕೊಳ್ಳಲು ಮತ್ತೆ ಸ್ಕ್ಯಾನ್ ಮಾಡಿಸಿ, ಹಳೆಯದನ್ನೂ ಹೊಸದನ್ನೂ ದೀಪದ ಹಲಗೆಗೆ ಅಕ್ಕಪಕ್ಕ ಸಿಕ್ಕಿಸಿದರು. ಹಳೆಯದರಲ್ಲಿ ಆ ಜಾಗದಲ್ಲಿ ಇಲ್ಲದ ಕಫದ ಬೆಣೆ ಹೊಸದರಲ್ಲಿ ಬೆರಳಿನಂತೆ ಚಾಚಿತ್ತು.

"ಸರ್, ಕೆಮ್ಮು ಒಂಬತ್ತಕ್ಕ ಇಳಿದೈತಲ್ರಿ," ಎಂದು ನೋಟ್‌ಬುಕ್ಕು ಮುಂದಿಟ್ಟೆ.

"ಕೆಮ್ಮು ಕಡಿಮಿ ಆದ್ರೂ ಇದು ಬರಬೌದಪಾ. ಅದಕ್ಕ ಫಿಲ್ಮ್ ನೋಡೋದು. ಆ ಒಂಬತ್ತು ಎಲ್ಲೆಲ್ಲಿ ಅದಾವ, ತೋರ್ಸು."

ಮೊತ್ತ ಬಿಟ್ಟು ಅವರು ಒಂದೊಂದೇ ಗೀಟು ನೋಡುತ್ತ ಹಾಳೆ ತಿರುವಿದರು. ಇತ್ತೀಚಿನ ಗೀಟುಗಳೆಲ್ಲ ಬೆಳಗಿನವು, ಬಳ್ಳಾರಿಯ ನನ್ನ ಕೋಣೆಯವು. ನಡುವೆ ಕುರುಗೋಡಿನ ಅತ್ತೆಯ ಮನೆಯಲ್ಲಿದ್ದ ಆರು ದಿನ ಒಂದೂ ಇರಲಿಲ್ಲ.

"ಅಲ್ಲಿ ಇಲ್ದಿದ್ದು ಇಲ್ಲಿ ಏನೈತಿ?"

ಕೋಣೆಯ ಒಂದೊಂದು ಸಾಮಾನನ್ನೂ ಮನಸ್ಸಿನಲ್ಲೇ ಎಣಿಸಿದೆ. "ಕೌದಿ ಐತ್ರಿ," ಎಂದು ಅದರ ಕತೆ ಹೇಳಿದೆ. ಸಿರುಗುಪ್ಪದ ನಮ್ಮ ಮನೆಯಲ್ಲಿ ಭತ್ತದ ಚೀಲಗಳನ್ನು ಒಳಕೋಣೆಯಲ್ಲಿ ಒಟ್ಟಿ, ಧೂಳು ಬೀಳದಿರಲೆಂದು ಮೇಲೆ ಕೌದಿ ಹೊದಿಸುತ್ತಾರೆ. ಚಳಿ ಶುರುವಾದಾಗ ಅವ್ವ, ನನ್ನ ಎದೆ ಬೆಚ್ಚಗಿರಲೆಂದು, ಅಜ್ಜಿಯ ಸೀರೆಗಳಿಂದ ಹೊಲಿದ ಕೌದಿಯನ್ನು ಆ ಚೀಲಗಳ ಮೇಲಿಂದಲೇ ಎಳೆದು ಕೊಟ್ಟಿದ್ದಳು. ತೇವದ ಭತ್ತದ ವಾಸನೆ ನನಗೆ ಮನೆಯ ವಾಸನೆ. ಮೂಗಿನ ತನಕ ಹೊದ್ದುಕೊಳ್ಳುತ್ತಿದ್ದೆ.

"ಅದಾ ಕಾರಣ ಅಂತ ಹೇಳಾಕ ಬರಲ್ಲ," ಎಂದರು ವೈದ್ಯರು. "ಆದ್ರ ಹಸಿ ಭತ್ತದ ಬೂಷ್ಟು ಎದಿ ಮ್ಯಾಲ ಹಾಕ್ಕೊಂಡು ಔಷಧ ತಗೊಂಡ್ರ ಹೆಂಗಪಾ?"

ಮಾತ್ರೆ ಮತ್ತೆ ಹೆಚ್ಚಿತು. ಬೂಷ್ಟನ್ನು ಕೊಲ್ಲುವ ಕ್ಯಾಪ್ಸೂಲೂ ಸೇರಿತು.

ಭಾನುವಾರ ಕೌದಿ ಹೊತ್ತು ಸಿರುಗುಪ್ಪಕ್ಕೆ ಹೋದೆ. "ನಮ್ಮವ್ವನ ಕೌದಿ ರೋಗ ತರ್ತೈತೇನ್ಲೇ? ನೀ ಹುಟ್ಟಿದಾಗ ಇದ್ರಾಗ ಸುತ್ತೀನಿ ನಿನ್ನ!" ಎಂದು ಅವ್ವ ಸಿಟ್ಟಾದಳು. ಫಿಲ್ಮನ್ನು ಕಿಟಕಿಗೆ ತಲೆಕೆಳಗಾಗಿ ಹಿಡಿದಳು. ತಿರುಗಿಸಿ ತೋರಿಸಿದೆ. ಬೆಣೆಯ ಮೇಲೆ ತನ್ನ ಕಿರುಬೆರಳಿಟ್ಟು, "ಇಷ್ಟುದ್ದ ಐತಿ," ಎಂದಳು. ಆಮೇಲೆ ಕೌದಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಎಂಟು ವಾರದ ನಂತರದ ಎಕ್ಸ್‌ರೇಗೆ ಅವಳೂ ಬಂದಳು. ಕಲೆ ಬಹುತೇಕ ಕರಗಿತ್ತು. ಮಾತ್ರೆ ಈಗ ಇಳಿಸೋಣ, ನಿಲ್ಲಿಸುವ ಮಾತು ಮುಂದಿನ ಫಿಲ್ಮು ನೋಡಿ ಎಂದರು ವೈದ್ಯರು. ಅವ್ವ ಕಿರುಬೆರಳನ್ನು ಅದೇ ಜಾಗದಲ್ಲಿಟ್ಟು ತೆಗೆದಳು. ಅಲ್ಲಿ ಕಪ್ಪಾಗಿತ್ತು.

"ಕೌದಿ ಒಗದು ಇಪ್ಪತ್ತೊಂದು ದಿನ ಬಿಸಲಿಗೆ ಹಾಕೀನಿ. ಎಣಿಸೀನಿ ಮತ್ತ," ಎಂದಳು ಬಸ್ ನಿಲ್ದಾಣದಲ್ಲಿ.

"ಬ್ಯಾಡಬೇ."

"ನಿನಗ್ಯಾರು ಕೊಡ್ತಾರ, ಉಬ್ಬಿದ ಮಾರಿಯವನ! ನಾನಾ ಹೊದ್ಕೊಂತೀನಿ."

ಆ ವಾರ ಎರಡು ಗೀಟು. ಕೂಡಿಸಲಿಲ್ಲ. ಒಂದು ಮಂಗಳವಾರ, ಘಟಕದಲ್ಲಿ. ಇನ್ನೊಂದು ಅವ್ವನ ಬಸ್ಸು ಹೊರಟಾಗ ಎದ್ದ ಧೂಳಿಗೆ.