ಗುರಪ್ಪನ ತಾಟಿನಲ್ಲಿ ನನ್ನ ಜಾಗ

ಮೊನ್ನೆ ಎಳ್ಳಮಾವಾಸ್ಯೆ. ಹಿರೋಳ್ಳಿಯ ಗುರಪ್ಪನ ಹೊಲಕ್ಕೆ ಹೋದರೆ, ನನ್ನ ಜಾಗದಲ್ಲಿ ಬೇರೊಬ್ಬ ಕುಳಿತಿದ್ದಾನೆ!

ಜಾಗ ಎಂದರೆ ತಾಟಿನಲ್ಲಿ. ನಮ್ಮ ಕಡೆ ಅವತ್ತು ಹೊಲದಲ್ಲೇ ಊಟ: ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ. ಗುರಪ್ಪ ನನ್ನ ಶಾಲೆಯ ದಿನಗಳ ಗೆಳೆಯ. ಪ್ರತಿ ವರ್ಷ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವವರು. ಈ ಸಲ ಖಜೂರಿಯ ಲಾರಿ ಮಾಲೀಕ ಮಾರುತಿ ಅದರಲ್ಲಿ ಕೈಯಾಡಿಸುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಗುರಪ್ಪನಿಗೆ ಕ್ಯಾನ್ಸರ್. ಅದೂ ಒಂದಲ್ಲ, ಎರಡು! ಮೂಗಿನ ಹಿಂದೆ, ಗಂಟಲು ಶುರುವಾಗುವ ಕಡೆ, ಬೇರೆ ಬೇರೆ ಜಾತಿಯವು ಜೊತೆಗೇ ಬಂದಿವೆ. ಎರಡರ ಹಿಂದೆಯೂ ಒಂದೇ ವೈರಸ್ ಎಂದರಂತೆ ಬಾಂಬೆಯ ಡಾಕ್ಟರು. ಬಾಂಬೆಗೆ ಕರೆದೊಯ್ದವನು ಮಾರುತಿ. ಮೂಗಿನಲ್ಲಿ ರಕ್ತ ಬಂದದ್ದು ಮೊದಲು ಗೊತ್ತಾದದ್ದೂ ಮಾರುತಿಗೆ. (ನಾನೇನು ಸತ್ತುಹೋಗಿದ್ದೆನೇ?)

ಕರೆಂಟ್ (ಅದೇ, ರೇಡಿಯೇಶನ್) ಕೊಟ್ಟೂ ಕೊಟ್ಟೂ ಗುರಪ್ಪನ ಬಾಯಲ್ಲಿ ಜೊಲ್ಲೇ ಆರಿಹೋಗಿದೆ. ರೊಟ್ಟಿಯನ್ನು ಅಂಬಲಿಯಲ್ಲಿ ನೆನೆಸಿ ನುಂಗುತ್ತಾನೆ. ಮುಂದಿನ ಎಳ್ಳಮಾವಾಸ್ಯೆಗೆ ಇರುತ್ತಾನೋ ಇಲ್ಲವೋ. ಹೀಗಿರುವಾಗ ಈ ತಾಟು ಬಿಟ್ಟುಕೊಡಲೇ? ಕೈ ತೊಳೆದು ಹೋಗಿ ಕುಳಿತೇಬಿಟ್ಟೆ.

"ಬ್ಯಾಡೋ, ಬ್ಯಾರೆ ತಾಟು ತಗೋ," ಅಂದ ಗುರಪ್ಪ. "ಇದು ವೈರಸ್ ಬ್ಯಾನಿ. ನಿನ್ನ ಮನ್ಯಾಗ ಹೆಂಡ್ತಿ ಮಕ್ಕಳದಾರ. ಮಾರುತಿಗಿ ಹಿಂದಿಲ್ಲ ಮುಂದಿಲ್ಲ, ಬ್ಯಾಡಂದ್ರೂ ಕೇಳಂಗಿಲ್ಲ. ಬಾಂಬೆದಿಂದ ಬಂದಾಗಿಂದ ನನ್ನ ಮೊಮ್ಮಗಳಿಗೇ ನಾ ಮುಟ್ಟಿಲ್ಲ."

ಮಾರುತಿಯ ತುತ್ತು ಕೈಯಲ್ಲೇ ನಿಂತಿತು.

"ಈ ಬ್ಯಾನಿ ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ರಿ," ಅಂದ. "ಆ ವೈರಸ್ ಸಣ್ಣವರಿದ್ದಾಗಿಂದ ಬಹುತೇಕ ಎಲ್ಲರ ಮೈಯಾಗೂ ಇರ್ತದಂತ. ಕೂಡಿ ಉಂಡ್ರ ಕ್ಯಾನ್ಸರ್ ಬರಂಗಿಲ್ಲಂತ ಡಾಕ್ಟರ್ ನನಗ ಹೇಳ್ಯಾರ."

(ನಮ್ಮ ಡಾಕ್ಟರುಗಳು ಗೊತ್ತಲ್ಲ? ರೋಗಿಯನ್ನು ಹೊರಗೆ ಕೂರಿಸಿ, ಎಲ್ಲವನ್ನೂ ಜೊತೆಗೆ ಬಂದವನಿಗೆ ಹೇಳುತ್ತಾರೆ.)

"ಮತ್ತ ನನಗ್ಯಾಕ ಹೇಳ್ಲಿಲ್ಲಲೇ?" ಅಂದ ಗುರಪ್ಪ.

ಮಾರುತಿ ನನ್ನ ಕಡೆ ಕೈ ತೋರಿಸಿದ. "ಹೇಳಿದ್ರ ಇವರು ಬಂದು ಈ ತಾಟಿಗಿ ಕುಂಡ್ರತಿದ್ರು. ನನಗ ಮತ್ಯಾರದಾರ?"

ಅಂದರೆ ಇವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಬೈಯಲು ಬಾಯಿ ತೆರೆದೆ. ಗುರಪ್ಪ ಆಗಲೇ ಎದ್ದು ಬೇವಿನ ಮರದ ಕೆಳಗೆ ಹೋಗಿದ್ದ. ಆಡುತ್ತಿದ್ದ ಮೊಮ್ಮಗಳನ್ನು ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಂಡ. ನೆನೆದ ರೊಟ್ಟಿ ಅವಳಿಗೊಂದು ತುತ್ತು, ತನಗೊಂದು ತುತ್ತು. ಅಳುತ್ತಿದ್ದ, ನಗುತ್ತಿದ್ದ. ನಮ್ಮಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ.

ನೀವೇ ಹೇಳಿ, ಎರಡು ವರ್ಷದ ಪೋರಿಯ ಮೇಲೂ ನಾನು ಹೊಟ್ಟೆ ಉರಿದುಕೊಳ್ಳಬೇಕೇ?