ಹೆಸರು ಬರೆಯದ ಡಬ್ಬಿ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಂದು. ಅಯೋಡಿನ್ ಹತ್ತಿದ ಕಲೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಬುಡದಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು. ಆ ಉಗುರಿಗೆ ಹೇಸಿ ನಮ್ಮ ಬೀದಿಯ ಎಷ್ಟೋ ಜನ ಅವರ ಕೈಯಿಂದ ಒಂದು ಚೂರು ಕಾಯಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಲ್ಯಾಬಿನಲ್ಲಿ ಊರಿನವರ ಮಲ ಮೂತ್ರ ನೋಡುವ ಕೈಯಲ್ಲವೇ ಅದು! ಅಮಾವಾಸ್ಯೆ ಪೂಜೆಯ ಪ್ರಸಾದ ಹಂಚಲು ಬಂದರೆ, “ಅಲ್ಲೇ ಮಡಗಿ ಅಣ್ಣ, ಆಮೇಲ್ ತಗೋತೀವಿ” ಎನ್ನುತ್ತಿದ್ದರು. ಅವರಿಗೆ ಅರ್ಥವಾಗುತ್ತಿತ್ತು. ನಕ್ಕು, ಇಟ್ಟು ಹೋಗುತ್ತಿದ್ದರು. ನಾನೂ ಹಾಗೆ ಅಂದವಳೇ, ಸುಳ್ಳೇಕೆ ಹೇಳಲಿ.

ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ. ಎದುರಿಗೇ ಅವರ ಲ್ಯಾಬು. ಒಂದು ಹಸಿರು ಪರದೆ, ಒಂದು ಮೈಕ್ರೋಸ್ಕೋಪು, ಬೆನ್ನಾನಿಸಲು ಏನೂ ಇಲ್ಲದ ಎತ್ತರದ ಸ್ಟೂಲು. ಎಲ್ಲರಿಗೂ ಅವರು ಲ್ಯಾಬಣ್ಣ.

ಅವರ ತಂದೆ ಕೊಬ್ಬರಿ ಮಂಡಿಯಲ್ಲಿ ಕಾಯಿ ಪರೀಕ್ಷೆ ಮಾಡುತ್ತಿದ್ದವರು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಅಲ್ಲಿಯವರೆಗೆ ಒಡೆದು ನೋಡುವ ಹಾಗಿಲ್ಲ, ಒಡೆದದ್ದು ಉಂಡೆ ಕೊಬ್ಬರಿ ಆಗುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನದನ್ನು ಹೇಳಬೇಕು. ಆ ಚಾಳಿ ಮಗನ ಕೈಗೂ ಅಂಟಿಕೊಂಡಿತ್ತು. ಯಾರಾದರೂ ಡಬ್ಬಿ ತಂದುಕೊಟ್ಟರೆ ಮುಚ್ಚಳ ತೆಗೆಯುವ ಮುಂಚೆ ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿಬಿಡುತ್ತಿದ್ದರು. ಆಮೇಲೆ ತಮಗೇ ನಾಚಿಕೆಯಾಗಿ, “ನಮ್ಮಪ್ಪ ಬಂದಿದ್ರು ನೋಡು, ಹೋದ್ರು” ಎನ್ನುತ್ತಿದ್ದರು. ವರದಿಯ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಯಾರು ಬಂದು ಒಳ್ಳೆಯದನ್ನೇ ಬರೆಯಿರಿ ಎಂದು ಗೋಗರೆದರೂ ಒಂದೇ ಮಾತು: “ಕಂಡಿದ್ದು ಬರೀತೀನಿ. ಕಾಣ್ದೇ ಇದ್ದಿದ್ದು ಬರೆಯಕ್ಕಿಲ್ಲ.”

ನನಗೆ ಮಲದಲ್ಲಿ ರಕ್ತ ಬೀಳಲು ಶುರುವಾದಾಗ ಮೂವತ್ತೆರಡು ವರ್ಷ. ದಿನಕ್ಕೆ ಆರೇಳು ಸಲ ಮಿಷನ್ ಬಿಟ್ಟು ಓಡುತ್ತಿದ್ದೆ. ಅತ್ತೆ ಉಷ್ಣ ಎಂದರು. ಓರಗಿತ್ತಿ ಮೂಲವ್ಯಾಧಿ ಎಂದಳು. ಮನೆಯ ಮರದ ಎಳನೀರು ಕುಡಿದದ್ದೇ ಕುಡಿದದ್ದು. ನಾನಂತೂ ಮಹಾ ಜಾಣೆ, ಮೆಡಿಕಲ್ ಸ್ಟೋರಿನಲ್ಲಿ ಅಮೀಬಾಕ್ಕೆ ಕೊಡುವ ಮಾತ್ರೆಯನ್ನು ಕೇಳಿ ತಂದು ನುಂಗಿದೆ. ನಿಂತ ಹಾಗಾಯಿತು. ಮತ್ತೆ ಬಂತು, ಮತ್ತೆ ನುಂಗಿದೆ. ಹೀಗೆ ಐದು ಸಲ. ಕೊನೆಗೆ ನಾಚಿಕೆ ಬಿಟ್ಟು ಒಂದು ಡಬ್ಬಿ ಹಿಡಿದು ರಸ್ತೆ ದಾಟಿದೆ.

ಅವರು ಆ ದಿನ ತುಂಬ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ಕೀಳಲಿಲ್ಲ. ಆಮೇಲೆ ನನ್ನನ್ನು ಒಳಗೆ ಕರೆದರು. ಅತ್ತೆಯೂ ಜೊತೆಗಿದ್ದರು.

“ಅಮೀಬಾ ಒಂದೂ ಇಲ್ಲ ಕಣಮ್ಮ. ಬರೀ ಬಿಳಿ ರಕ್ತಕಣ, ಕೀವು. ಕಾವಲಿನೋರೆಲ್ಲಾ ದೊಣ್ಣೆ ತಗೊಂಡ್ ಬಂದವ್ರೆ, ಕಳ್ಳನೇ ಕಾಣ್ತಿಲ್ಲ.”

“ಹಂಗಂದ್ರೆ?”

“ನಮ್ ಕರುಳಲ್ಲಿ ಲೆಕ್ಕ ಇಲ್ದಷ್ಟು ಸಣ್ಣ ಜೀವ ಇರ್ತವೆ. ಎಲ್ಲಾ ಕೆಟ್ಟೋವಲ್ಲ, ತೋಟದಲ್ಲಿ ಗೇಯ್ಕೊಂಡಿರೋ ಆಳುಗಳಿದ್ದಂಗೆ. ಕಾವಲಿನೋರು ಹುಟ್ಟಿದಾಗಿಂದ ಅವರ ಮುಖ ನೋಡ್ಕೊಂಡ್ ಬಂದಿರ್ತಾರೆ, ಸುಮ್ನಿರ್ತಾರೆ. ಯಾವತ್ತೋ ಆ ಗುರ್ತು ತಪ್ಪೋಯ್ತದೆ. ಆಗ ಆಳುಗಳನ್ನೇ ಕಳ್ಳರು ಅಂತ ಹೊಡೆಯಕ್ಕೆ ಶುರು ಹಚ್ಕೋತಾರೆ. ಏಟು ಬೀಳೋದು ತೋಟಕ್ಕೆ. ನೀನು ಬೇರೆ ಮಾತ್ರೆ ನುಂಗಿ ನುಂಗಿ ಒಳ್ಳೆ ಆಳುಗಳನ್ನೂ ಸಾಯಿಸಿದೀಯ.”

ಗುರುತು ಏಕೆ ತಪ್ಪುತ್ತದೆ ಎಂದು ಕೇಳಿದೆ. “ಅದು ಪೂರ್ತಿ ಯಾರಿಗೂ ಗೊತ್ತಿಲ್ಲ” ಎಂದರು. ಒಳಗೆ ಕ್ಯಾಮೆರಾ ಬಿಟ್ಟು ಕರುಳನ್ನು ನೋಡಿಸಲೇಬೇಕು, ತುಮಕೂರಿಗೆ ಹೋಗಿ, ನಾಳೆಯೇ ಹೋಗಿ ಎಂದರು. ಅತ್ತೆ ನನ್ನ ಕೈ ಹಿಡಿದು ಹೊರಡಿಸಲು ನೋಡಿದರು.

“ಅಟ್ಟದ ಕಾಯ್ನ ಯಾರಾದ್ರೂ ಒಡೆದು ನೋಡ್ತಾರೇನಪ್ಪ? ತಾನಾಗೇ ಸರಿ ಹೋಯ್ತದೆ, ಬುಡು.”

ಲ್ಯಾಬಣ್ಣ ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ಟೂಲಿನಿಂದ ಇಳಿದು ನಿಂತರು. “ನಿಮ್ ಸೊಸೆ ಕೊಬ್ಬರಿಯಲ್ಲ ಕಣಮ್ಮೋ! ಒಳಗೆ ಹುಣ್ಣಾಗಿ ಕರುಳು ತೂತು ಬಿದ್ರೆ ಮಂಡಿಗಲ್ಲ, ಮಣ್ಣಿಗೇ ಕಳಿಸ್ಬೇಕಾಯ್ತದೆ.”

ಹೋದೆವು. ಕರುಳಿನ ತುಂಬ ಹುಣ್ಣು. ದೊಡ್ಡ ಡಾಕ್ಟರು ಹೇಳಿದ್ದೂ ಇದೇ ಕಾವಲಿನ ಕಥೆ, ಏನೋ ಉದ್ದದ ಹೆಸರಿಟ್ಟು. ಇನ್ನೂ ತಡವಾಗಿದ್ದರೆ ಕರುಳನ್ನೇ ತೆಗೆಯಬೇಕಿತ್ತಂತೆ. ಕಾವಲಿನವರನ್ನು ಸಮಾಧಾನ ಮಾಡುವ ಔಷಧಿ ಶುರುವಾಯಿತು. ಚೆನ್ನಾಗಿದ್ದೇನೆಂದು ಬಿಡುವ ಹಾಗಿಲ್ಲ, ಇವತ್ತಿಗೂ ನುಂಗುತ್ತಿದ್ದೇನೆ.

ವರ್ಷವಾದ ಮೇಲೆ ಒಂದು ಮಧ್ಯಾಹ್ನ ಲ್ಯಾಬಣ್ಣ ಕೂಗಿ ಕರೆದರು. ಮೈಕ್ರೋಸ್ಕೋಪಿನಲ್ಲಿ ನನ್ನ ಸ್ಲೈಡು ತೋರಿಸಿದರು. ಬೆಳಕಿನ ವೃತ್ತ, ಅಲ್ಲಲ್ಲಿ ಕಸ. “ನೋಡು, ದೊಣ್ಣೆ ಕೆಳಗಿಟ್ಟವ್ರೆ” ಎಂದರು. ಪಕ್ಕದಲ್ಲಿದ್ದ ಇನ್ನೊಂದು ಸ್ಲೈಡನ್ನು ಇಟ್ಟರು. ವೃತ್ತದ ತುಂಬ ಒಂದಕ್ಕೊಂದು ಅಂಟಿದ ಗುಂಡನೆಯ ಕಣಗಳು, ಒಳಗೆಲ್ಲ ರವೆ ರವೆ. ಬೆಳಕೇ ಮುಚ್ಚಿಹೋಗಿತ್ತು.

“ಯಾರ್ದಣ್ಣ ಇದು?”

“ಯಾರ್ದೋ ಬುಡು. ಹೇಳಿದ್ರೆ ಕೇಳೋ ಆಸಾಮಿಯಲ್ಲ.”

ಆ ಸ್ಲೈಡಿನ ಡಬ್ಬಿ ಅಲ್ಲೇ ಇತ್ತು. ಎಲ್ಲ ಡಬ್ಬಿಗಳ ಮೇಲೂ ಅಂಟಿಸಿದ ಬಿಳಿ ಚೀಟಿಯಲ್ಲಿ ಹೆಸರಿರುತ್ತಿತ್ತು. ಅದರ ಚೀಟಿ ಖಾಲಿ. ಅದನ್ನು ನಾನು ನೋಡಿದೆ, ನೋಡಿಯೂ ಎದ್ದು ಬಂದೆ.

ಆ ಯುಗಾದಿಗೆ ಅವರು ಎರಡು ಪ್ಯಾಂಟು ತಂದುಕೊಟ್ಟು, ಸೊಂಟ ಸ್ವಲ್ಪ ಹಿಡಿಯಮ್ಮ ಎಂದಿದ್ದರು. ಒಂದಿಂಚು ಹಿಡಿದೆ. ಗೌರಿ ಹಬ್ಬದ ಹೊತ್ತಿಗೆ ಅವೇ ಪ್ಯಾಂಟುಗಳು ಮತ್ತೆ ಬಂದವು, ಒಂದೂವರೆ ಇಂಚು. “ಏನಣ್ಣ, ಅತ್ತಿಗೆ ಊಟ ಹಾಕ್ತಿಲ್ವಾ? ಮದ್ವೆ ಗಂಡಾಗ್ತಾ ಇದೀರಿ” ಎಂದು ರೇಗಿಸಿದೆ. ಅವರೂ ನಕ್ಕರು. ನಗುವಾಗ ಕೆನ್ನೆಯ ಮೂಳೆ ಎದ್ದು ಕಂಡಿತು. ಹಸಿರು ಪರದೆ ದಿನದಲ್ಲಿ ಎಷ್ಟು ಸಲ ಸರಿಯುತ್ತಿದೆ, ಅವರು ಹಿಂದಿನ ಬಾಗಿಲಿಗೆ ಎಷ್ಟು ಅವಸರದಲ್ಲಿ ಹೋಗುತ್ತಿದ್ದಾರೆ ಎಂಬುದು ನನ್ನ ಮಿಷನ್ನಿಂದ ನೇರ ಕಾಣುತ್ತಿತ್ತು. ಆ ಓಟ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ದಿನ ಕೇಳಿಯೇಬಿಟ್ಟೆ.

“ಮೂಲವ್ಯಾಧಿ ಕಣಮ್ಮ. ಈ ಸ್ಟೂಲ್ ಮೇಲೆ ಕೂತೂ ಕೂತೂ. ಭೇದಿ ನಿಲ್ಸೋ ಮಾತ್ರೆ ತಗೋತಿದೀನಿ.”

“ನಂಗ್ ಹೇಳಿದ್ದು ಮರ್ತೋಯ್ತಾ? ತುಮಕೂರಿಗೆ ಹೋಗಿ ಬನ್ನಿ ಅಣ್ಣ. ಬೇಕಾದ್ರೆ ನಾನೇ ಜೊತೆಗೆ ಬತ್ತೀನಿ.”

ಅವರು ಉಗುರು ನೋಡಿಕೊಂಡರು. ಮಂಡಿಯಲ್ಲಿ ಕಾಯಿ ನೋಡುತ್ತಿದ್ದ ಅವರಪ್ಪನೇ ಅವರ ಬಾಯಲ್ಲಿ ಮಾತಾಡಿದಂತಿತ್ತು: “ಅಟ್ಟದ ಕಾಯ್ನ ಯಾರಾದ್ರೂ ಒಡೆದು ನೋಡ್ತಾರೇನಮ್ಮ? ನಾನೇ ವಾರಾ ವಾರಾ ನೋಡ್ಕೋತಾ ಇದೀನಲ್ಲ. ವಾಸಿ ಕಡೆಗೆ ತಿರುಗ್ತದೆ, ಒಂದಿನ ತಿರುಗ್ತದೆ.”

ನನ್ನ ಅತ್ತೆಯ ಮೇಲೆ ಎಗರಿದ ಮನುಷ್ಯ ಇವರೇನಾ ಎನಿಸಿತು. ಸ್ಟೂಲಿನಿಂದ ಇಳಿದು ನಿಂತು ಅವರು ನನಗೆ ಮಾಡಿದ ಗಲಾಟೆಯನ್ನು ನಾನು ಅವರಿಗೆ ಮಾಡಬೇಕಿತ್ತು, ಬೀದಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಮದುವೆಯ ಬ್ಲೌಸುಗಳು ರಾಶಿ ಬಿದ್ದಿದ್ದವು. ದೊಡ್ಡವರಿಗೆ ಎಷ್ಟು ಹೇಳುವುದೆಂದು ಅಂಗಡಿಗೆ ಬಂದೆ.

ಕಾರ್ತೀಕದಲ್ಲಿ ಪ್ಯಾಂಟುಗಳು ಮೂರನೇ ಸಲ ಬಂದವು. ಟೇಪು ಸುತ್ತಿದೆ. ಬಟ್ಟೆಯ ಒಳಗೆ ಮೈ ಸುಡುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿ ಬಿಗಿದಿತ್ತು. ಟೇಪು ತಗಲಿದ್ದಕ್ಕೇ ಅವರು ಹಲ್ಲು ಕಚ್ಚಿದರು. ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಗುರುವಾರ ಕೊಡ್ತೀನಿ” ಎಂದೆ. ಅಷ್ಟೇ ಅಂದೆ.

ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅತ್ತಿಗೆ ಚೀರಿಕೊಂಡರು. ಅವರು ಸ್ಟೂಲಿನ ಕೆಳಗೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿದರೆ ಕರುಳು ಊದಿ ತೂತು ಬಿದ್ದಿತ್ತು, ಕೀವು ಹೊಟ್ಟೆಯೆಲ್ಲ ಹರಡಿತ್ತು. ವರ್ಷಗಳಿಂದ ಉರಿಯುತ್ತಿದ್ದ ಕರುಳು ಇದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಆಪರೇಷನ್ ಮಾಡಿದ ಡಾಕ್ಟರು ಅತ್ತಿಗೆಯನ್ನು ಕೇಳಿದರಂತೆ. ಶನಿವಾರ ಹೋಗಿಬಿಟ್ಟರು. ಆ ಉಗುರನ್ನು ಕೊನೆಯ ಸಲ ತೊಳೆದವಳು ನಾನು. ಗೆರೆ ಹೋಗಲಿಲ್ಲ.

ಲ್ಯಾಬು ಖಾಲಿ ಮಾಡುವಾಗ ಅತ್ತಿಗೆಗೆ ಜೊತೆಯಾದೆ. ವರದಿ ಬರೆಯುವ ಪುಸ್ತಕದಲ್ಲಿ ಪ್ರತಿ ಸೋಮವಾರ ಒಂದು ಸಾಲು ಇತ್ತು, ಹೆಸರಿನ ಜಾಗ ಖಾಲಿ. ಬಿಳಿ ಕಣ ಇಷ್ಟು, ಕೆಂಪು ಕಣ ಇಷ್ಟು, ಅಮೀಬಾ ಇಲ್ಲ. ವಾರದಿಂದ ವಾರಕ್ಕೆ ಸಂಖ್ಯೆ ಏರುತ್ತ ಹೋಗಿ ಕೊನೆಯ ಸೋಮವಾರ “ಎಣಿಸಲಾಗದಷ್ಟು” ಎಂದಿತ್ತು. ಅಕ್ಷರ ಎಂದಿನಂತೆ ದುಂಡಗೆ. ಕಂಡದ್ದನ್ನು ಅವರು ಬರೆಯದೆ ಬಿಟ್ಟಿರಲಿಲ್ಲ.

ಸೀಮೆಸುಣ್ಣದ ಗುರುತಿನ ಆ ಎರಡು ಪ್ಯಾಂಟು ನನ್ನ ಅಂಗಡಿಯ ಮೊಳೆಯಲ್ಲಿ ಇನ್ನೂ ಇವೆ. ಅಳತೆ ಕೊಡಲು ಬಂದವರ ಸೊಂಟ ಹಳೆಯ ಅಳತೆಗಿಂತ ಇಳಿದಿದ್ದರೆ ಈಗ ನಾನು ಟೇಪು ಹಿಡಿದುಕೊಂಡೇ ಕೇಳುತ್ತೇನೆ: ಹೊಟ್ಟೆ ಹೆಂಗಿದೆ? ರಕ್ತ ಗಿಕ್ತ ಬೀಳ್ತದಾ? ಕೆಲವರು ಮುಖ ಸಿಂಡರಿಸಿ ಬೇರೆ ಅಂಗಡಿಗೆ ಹೋಗಿದ್ದಾರೆ. ಕಿಬ್ಬನಹಳ್ಳಿಯ ಒಬ್ಬಳು ಬೈದುಕೊಂಡೇ ತುಮಕೂರಿಗೆ ಹೋಗಿ ಬಂದಳು, ಈಗ ಮಾತ್ರೆ ನುಂಗುತ್ತಿದ್ದಾಳೆ. ಬೈಯಲಿ. ಒಬ್ಬರ ಸೊಂಟವನ್ನು ಮೂರು ಸಲ ಅಳೆದು, ಒಂದೇ ಸಲ ಕೇಳಿ, ಸುಮ್ಮನಾದವಳು ನಾನು.